ಉಗ್ರಾಣದ ಪುಸ್ತಕ

ಈ ಬರಹವನ್ನು ನಾನು ಬಹಳ ಹಿಂದೆಯೇ ಬರೆಯಬೇಕಾಗಿತ್ತು. ಬರೆಯದೆ ಉಳಿದುದಕ್ಕೆ ಕಾರಣ ಮರೆವಲ್ಲ. 2008ರಲ್ಲಿ ನನ್ನ ಬಂಧುಗಳಿಗೆಲ್ಲ ನಾನು ಹೇಳಿದ ಒಂದು ಸುಳ್ಳು. ಆ ವರ್ಷದ ಅಕ್ಟೋಬರ್ ತಿಂಗಳಲ್ಲಿ ನಾನೂ ನನ್ನ ತಂಗಿಯೂ ಅಮೆರಿಕೆಗೆ ಹೊರಟಾಗ, "ಹುಡುಗ ಮನೆ ಕೊಂಡಿದ್ದಾನೆ, ಗೃಹಪ್ರವೇಶ" ಎಂದು ಎಲ್ಲರಿಗೂ ಹೇಳಿದೆವು. ನೀವು ನಂಬಿದಿರಿ. ಕೆಲವರು ಅರಿಶಿನ ಕುಂಕುಮ, ರವಿಕೆ ಕಣ ಕೊಟ್ಟು ಕಳುಹಿಸಿದಿರಿ. ಒಬ್ಬರು ಬೆಳ್ಳಿಯ ಕುಂಕುಮದ ಭರಣಿಯನ್ನೇ ಕೊಟ್ಟಿರಿ. ಅದು ಗೃಹಪ್ರವೇಶವಾಗಿರಲಿಲ್ಲ, ಮದುವೆಯಾಗಿತ್ತು. ನನ್ನ ತಂಗಿಯ ಮಗ ಮದುವೆಯಾದದ್ದು ತನ್ನಂತೆಯೇ ಒಬ್ಬ ಹುಡುಗನನ್ನು.

"ದೊಡ್ಡಮ್ಮಾ, ಮನೆಯ ಎಲ್ಲರ ಮದುವೆಯನ್ನೂ ಬರೆದಿದ್ದೀರಿ, ನನ್ನದೊಂದನ್ನು ಬಿಟ್ಟು" ಎಂದು ಕಳೆದ ತಿಂಗಳು ದೂರವಾಣಿಯಲ್ಲಿ ಅವನೇ ಹೇಳಿದ. ಆಕ್ಷೇಪಣೆಯ ದನಿಯಲ್ಲಿ ಅಲ್ಲ, ಹಾಜರಿ ಪುಸ್ತಕದಲ್ಲಿ ತನ್ನ ಹೆಸರು ಕೂಗದಿದ್ದುದನ್ನು ಜ್ಞಾಪಿಸುವ ವಿದ್ಯಾರ್ಥಿಯ ದನಿಯಲ್ಲಿ. ಆದುದರಿಂದ ಈಗ ಬರೆಯುತ್ತಿದ್ದೇನೆ. ತಂಗಿಯ ಒಪ್ಪಿಗೆಯನ್ನೂ ಪಡೆದಿದ್ದೇನೆ. ಹೆಸರುಗಳನ್ನು ಬರೆಯುವುದಿಲ್ಲ, ಬೇಕಾದವರಿಗೆ ತಿಳಿದೇ ತಿಳಿಯುತ್ತದೆ.

ಅವಸರದ ಮದುವೆ ಅದು, ಆ ಅವಸರಕ್ಕೊಂದು ಕಾರಣವಿತ್ತು. ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು 2008ರ ಮೇ 15ರಂದು, ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಮದುವೆಯಾಗುವುದನ್ನು ರಾಜ್ಯವು ತಡೆಯಲಾಗದೆಂದು ತೀರ್ಪಿತ್ತಿತು. ಜೂನ್ 16ರ ಸಂಜೆಯಿಂದ ಮದುವೆಗಳು ನಡೆಯತೊಡಗಿದವು. ಆ ಸಂಜೆ ಸ್ಯಾನ್ ಫ್ರಾನ್ಸಿಸ್ಕೋ ನಗರಸಭೆಯಲ್ಲಿ ಮದುವೆಯಾದವರು ಡೆಲ್ ಮಾರ್ಟಿನ್ ಮತ್ತು ಫಿಲಿಸ್ ಲಯನ್ ಎಂಬ ಇಬ್ಬರು ವೃದ್ಧೆಯರು. 1953ರಿಂದ ಒಂದೇ ಮನೆಯಲ್ಲಿ ಬಾಳಿದ್ದವರು. ಡೆಲ್ ಮಾರ್ಟಿನ್ ಅದೇ ಆಗಸ್ಟ್ ತಿಂಗಳಲ್ಲಿ ತೀರಿಕೊಂಡರು. ಆದರೆ ಈ ಹಕ್ಕನ್ನು ರಾಜ್ಯದ ಸಂವಿಧಾನದಿಂದಲೇ ಕಿತ್ತುಹಾಕಬೇಕೆಂಬ ಪ್ರಸ್ತಾವವೊಂದು, ಎಂಟನೆಯ ಪ್ರಸ್ತಾವವೆಂಬ ಹೆಸರಿನದು, ನವೆಂಬರ್ 4ರ ಚುನಾವಣೆಯಲ್ಲಿ ಮತಕ್ಕೆ ಬರುವುದಿತ್ತು. ಅಂದಮೇಲೆ ಮುಹೂರ್ತವಿದ್ದುದು ಅಷ್ಟರೊಳಗೆ ಮಾತ್ರ. ಹುಡುಗರಿಬ್ಬರೂ ಆರು ವರ್ಷಗಳಿಂದ ಜೊತೆಯಲ್ಲಿದ್ದರು. ಗುರುವಾರ ಸ್ಯಾನ್ ಹೋಸೆಯ ಕೌಂಟಿ ಕಚೇರಿಯಲ್ಲಿ ನೋಂದಣಿ, ಶನಿವಾರ, ಅಕ್ಟೋಬರ್ 18ರಂದು, ಆರತಕ್ಷತೆ ಎಂದು ನಿಶ್ಚಯಿಸಿಕೊಂಡು, ಸೆಪ್ಟೆಂಬರ್ ಕೊನೆಯಲ್ಲಿ ನಮಗೆ ತಿಳಿಸಿದರು. ಅದೇ ತಿಂಗಳು ಅಲ್ಲಿಯ ದೊಡ್ಡ ಬ್ಯಾಂಕುಗಳು ಉರುಳಿದ್ದವು. ಯಾರ ಕೆಲಸ ಉಳಿಯುವುದೋ ಯಾರದು ಹೋಗುವುದೋ ತಿಳಿಯದ ಕಾಲ. ಹಣ ಕೊಟ್ಟು ಮಾಡಿಸುವ ಮಾತಿರಲಿಲ್ಲ. ಎಲ್ಲವನ್ನೂ ಸ್ನೇಹಿತರೂ ಮನೆಯವರೂ ಸೇರಿಯೇ ಮಾಡಬೇಕಾಗಿತ್ತು.

ಮನೆಯವರು ಎಂದೆ. ನಮ್ಮ ಕಡೆಯಿಂದ ಮನೆಯವರೆಂದರೆ ನಾನು ಮತ್ತು ನನ್ನ ತಂಗಿ, ಇಬ್ಬರೇ.

ತಂಗಿಯ ಯಜಮಾನರನ್ನು ನಮ್ಮ ಬಳಗದಲ್ಲಿ "ಉಗ್ರಾಣದ ರಾಯರು" ಎಂದೇ ಕರೆಯುತ್ತಿದ್ದೆವು. ಬ್ಯಾಂಕಿನ ಗುಮಾಸ್ತರಾಗಿದ್ದ ಅವರು, ನಮ್ಮ ತಮ್ಮನ 1974ರ ಮದುವೆಯಿಂದ ಮೊದಲ್ಗೊಂಡು, ಎರಡೂ ಕಡೆಯ ಬಂಧುಗಳ ಯಾವ ಮದುವೆಯಾದರೂ ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದರು. ಧಾರೆಯ ಹೊತ್ತಿನಲ್ಲಿಯೂ ಅವರು ಮಂಟಪದ ಬಳಿಗೆ ಬಂದವರಲ್ಲ. ಅವರ ಬಳಿ ಉದ್ದನೆಯ ರಟ್ಟಿನ ಲೆಕ್ಕದ ಪುಸ್ತಕವೊಂದಿತ್ತು. ಒಂದು ಮದುವೆಗೆ ಒಂದು ಪುಟ. ತಲೆಯಲ್ಲಿ ಕೆಂಪು ಶಾಯಿಯ ಕ್ರಮಸಂಖ್ಯೆ. ಕೆಳಗೆ ಎಷ್ಟು ಜನ, ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ತೆಂಗಿನಕಾಯಿ. ಕೊನೆಯ ಕಲಮಿನಲ್ಲಿ ಉಳಿದದ್ದು ಎಷ್ಟು ಎಂಬ ಲೆಕ್ಕ. ಆ ಕೊನೆಯ ಕಲಮಿನ ಮೇಲೆಯೇ ಅವರ ಕಣ್ಣು. ಏನೂ ಉಳಿಯಲಿಲ್ಲವೆಂದರೆ ಯಾರಿಗೋ ಸಾಲಲಿಲ್ಲವೆಂದೇ ಅರ್ಥ ಎಂದು ಅವರು ಹೇಳುತ್ತಿದ್ದರು. ನನ್ನ ಮಗಳ ಮದುವೆಯಲ್ಲಿ ಎರಡು ಕೊಳಗ ಹುಳಿ ಮಿಕ್ಕಿದಾಗ ನಾನು ಪೇಚಾಡಿಕೊಂಡಿದ್ದೆ. ಅವರು ಮಾತ್ರ ಸಂತೋಷದಿಂದ ಬರೆದುಕೊಂಡರು.

ಮಗ ತನ್ನ ವಿಷಯವನ್ನು ತಾಯಿಗೆ ತಿಳಿಸಿದ್ದು 2005ರಲ್ಲಿ. ರಾಯರು ಕೂಗಾಡಲಿಲ್ಲ, ಮನೆಗೆ ಬರಬೇಡವೆನ್ನಲಿಲ್ಲ. ಆ ವಿಷಯವನ್ನು ಎತ್ತಲಿಲ್ಲ, ಅಷ್ಟೆ. ದೂರವಾಣಿ ಬಂದರೆ "ಇರು, ಅಮ್ಮನಿಗೆ ಕೊಡುತ್ತೇನೆ" ಎನ್ನುವರು. ಮದುವೆಯೆಂದು ತಿಳಿದಾಗ, "ನೀವು ಹೋಗಿಬನ್ನಿ, ನನಗೆ ಮಂಡಿನೋವು" ಎಂದರು. ಮಂಡಿನೋವು ಇದ್ದದ್ದು ನಿಜ. ಅದೇ ಮಂಡಿಯಲ್ಲಿ ಆ ವರ್ಷದ ಬೇಸಿಗೆಯಲ್ಲಿ ಅವರು ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿ ಬಂದಿದ್ದುದೂ ನಿಜ.

ಹೊರಡುವ ಮೊದಲು ನನಗೊಂದು ಕೆಲಸ ಬಿತ್ತು. ಆಹ್ವಾನ ಪತ್ರಿಕೆ ಇಂಗ್ಲಿಷಿನಲ್ಲಿ ಆಗಿದೆ, ಕನ್ನಡದಲ್ಲಿಯೂ ಒಂದು ಬೇಕು, ಅಲ್ಲಿಯ ಕೆಲವು ಕನ್ನಡ ಸ್ನೇಹಿತರಿಗೆ ಕೊಡಲು, ಎಂದು ಹುಡುಗ ಕೇಳಿದ. ಮೂವತ್ತಮೂರು ವರ್ಷ ಕನ್ನಡ ಪಾಠ ಹೇಳಿದವಳಿಗೆ ಲಗ್ನಪತ್ರಿಕೆ ಬರೆಯುವುದು ದೊಡ್ಡದೇ? ಸ್ವಸ್ತಿ ಶ್ರೀ ಎಂದು ತೊಡಗಿ, ಶಾಲಿವಾಹನ ಶಕ 1930, ಸರ್ವಧಾರಿ ಸಂವತ್ಸರ ಎಂಬವರೆಗೆ ಲೇಖನಿ ನಿಲ್ಲದೆ ಓಡಿತು. ಅಲ್ಲಿಂದ ಮುಂದೆ ಒಂದೊಂದು ಪದವೂ ತಡೆಹಾಕಿತು. ಚಿ॥ರಾ॥ ಎಂದು ಒಬ್ಬನ ಹೆಸರ ಹಿಂದೆ ಬರೆದೆ. ಇನ್ನೊಬ್ಬನ ಹಿಂದೆಯೂ ಅದನ್ನೇ ಬರೆದೆ. ಅಲ್ಲಿಗೆ ಸರಿ. ವಧೂವರರು ಎನ್ನುವಂತಿಲ್ಲ. "ಗುರುಹಿರಿಯರು ನಿಶ್ಚಯಿಸಿರುವಂತೆ" ಎಂಬ ಸಾಲು ಬಂದಾಗ, ಯಾವ ಗುರು, ಯಾವ ಹಿರಿಯರು ಎಂದು ಯೋಚಿಸಿ, ಕೊನೆಗೆ ನಾನು ವೃತ್ತಿಯಿಂದ ಗುರು, ವಯಸ್ಸಿನಿಂದ ಹಿರಿಯಳು, ಎರಡೂ ಆಗಿರುವೆನಷ್ಟೆ ಎಂದುಕೊಂಡು ಉಳಿಸಿದೆ. "ದಂಪತಿಗಳನ್ನು ಆಶೀರ್ವದಿಸಬೇಕಾಗಿ" ಎಂಬಲ್ಲಿಯೂ ಸಂದೇಹ ಬಂತು. ದಂಪತಿ ಎಂದರೆ ಗಂಡ ಹೆಂಡತಿ ತಾನೆ? ನಿಘಂಟನ್ನು ತೆರೆದೆ. ವೇದದ ಭಾಷೆಯಲ್ಲಿ 'ದಮ್' ಎಂದರೆ ಮನೆ. ದಂಪತಿ ಎಂದರೆ ಮನೆಯ ಒಡೆಯ. ದ್ವಿವಚನದಲ್ಲಿ ಮನೆಯ ಒಡೆಯರಿಬ್ಬರು. ಪದದ ಒಳಗೆ ಮನೆಯುಂಟು, ಹೆಣ್ಣು ಗಂಡಿನ ಮಾತಿಲ್ಲ. ಮನೆಯ ಒಡೆಯರಿಬ್ಬರಿಗೆ ಗೃಹಪ್ರವೇಶವೆಂದು ನಾವು ಹೇಳಿದ ಸುಳ್ಳೂ ಇದರಿಂದ ಅರ್ಧ ಸತ್ಯವಾಯಿತೆಂದು ನಾನು ಹಿಗ್ಗಿದುದುಂಟು. ಅಧ್ಯಾಪಕರಿಗೆ ಇಂಥ ಸಮಾಧಾನಗಳು ಸುಲಭವಾಗಿ ಒದಗಿಬರುತ್ತವೆ.

ಒದಗದೇ ಹೋದುದು ಕೊನೆಯ ಸಾಲು. ಆಗಮನಾಭಿಲಾಷಿಗಳು ಎಂಬುದರ ಕೆಳಗೆ ಯಾರ ಹೆಸರು? ತಂದೆಯ ಹೆಸರಿಲ್ಲದೆ ತಾಯಿಯ ಹೆಸರನ್ನು ಮಾತ್ರ ಹಾಕಿದರೆ ಓದಿದವರು ಬೇರೆಯೇ ಅರ್ಥ ಮಾಡಿಯಾರು. ಕೇಳದೆ ತಂದೆಯ ಹೆಸರು ಹಾಕುವುದು ಸಲ್ಲದು. ಕೇಳುವ ಧೈರ್ಯ ನನ್ನ ತಂಗಿಗೂ ಇರಲಿಲ್ಲ, ನನಗೂ ಇರಲಿಲ್ಲ. ಎರಡು ದಿನ ಆ ಜಾಗವನ್ನು ಖಾಲಿ ಬಿಟ್ಟು, ಮೂರನೆಯ ದಿನ ನನ್ನ ಹೆಸರನ್ನು ಮೊದಲು, ತಂಗಿಯ ಹೆಸರನ್ನು ಅದರ ಕೆಳಗೆ ಬರೆದು ಕಳುಹಿಸಿದೆ.

ಪೆಟ್ಟಿಗೆ ಕಟ್ಟುವಾಗ ತಂಗಿಯು ರಾಯರ ಲೆಕ್ಕದ ಪುಸ್ತಕವನ್ನು ಬೀರುವಿನಿಂದ ತೆಗೆದು ತನ್ನ ಸೀರೆಗಳ ನಡುವೆ ಇಟ್ಟುಕೊಂಡಳು. ಹೇಳಲಿಲ್ಲ, ಕೇಳಲಿಲ್ಲ. ಮೂವತ್ತಾರು ವರ್ಷಗಳ ಸಂಸಾರದಲ್ಲಿ ಅವಳು ಮಾಡಿದ ಮೊದಲನೆಯ ಕಳ್ಳತನವೆಂದು ವಿಮಾನದಲ್ಲಿ ನನಗೆ ಹೇಳಿ ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯ ಕಡೆಗೆ ತಿರುಗಿಕೊಂಡಳು.

ಅಲ್ಲಿ ಉದ್ಯಾನವೊಂದರ ಸಭಾಂಗಣವನ್ನು ಬಾಡಿಗೆಗೆ ಹಿಡಿದಿದ್ದರು. ಬೆಳಿಗ್ಗೆ 8ರಿಂದ ರಾತ್ರಿ 10ರವರೆಗೆ. ಹೊರಡುವ ಮುನ್ನ ನೆಲವನ್ನು ಒರೆಸಿ ಕೊಡಬೇಕು, ಇಲ್ಲವಾದರೆ ಮುಂಗಡ ಹಿಂದಿರುಗದು. 120 ಜನರ ಅಡುಗೆ. ಪುಸ್ತಕದಲ್ಲಿ ನೂರು ಜನರಿಗೆ ಅಕ್ಕಿ 10 ಕಿಲೋ, ತೊಗರಿಬೇಳೆ 3 ಕಿಲೋ, ಕೋಸಂಬರಿಗೆ ಹೆಸರುಬೇಳೆ 2 ಕಿಲೋ ಎಂದಿತ್ತು. ಅದನ್ನು ಪೌಂಡಿಗೆ ಪರಿವರ್ತಿಸಿ, ಅಮೆರಿಕದವರು ಅನ್ನ ಕಡಿಮೆ ಉಣ್ಣುವರೆಂದು ನಾನು ಕಾಲು ಭಾಗ ಕಳೆಯಲು ಹೊರಟೆ. "ರಾಯರ ಲೆಕ್ಕದಲ್ಲಿ ಕಳೆಯುವ ಹಾಗಿಲ್ಲ" ಎಂದು ತಂಗಿ ಖಡಾಖಂಡಿತವಾಗಿ ಹೇಳಿದಳು. (ಅನ್ನ ಮಿಕ್ಕಿತು. ಅವಳಿಗೆ ಅದೇ ಬೇಕಾಗಿತ್ತೇನೋ.)

ಶುಕ್ರವಾರ ಹುಡುಗರ ಮನೆಯಲ್ಲಿ ಮೂರು ಅನ್ನದ ಕುಕ್ಕರುಗಳನ್ನು ಒಂದೇ ಗೋಡೆಯ ಪ್ಲಗ್ಗುಗಳಿಗೆ ಸಿಕ್ಕಿಸಿ ಚಿತ್ರಾನ್ನಕ್ಕೆ ಒಂದು ಸರದಿ ಪರೀಕ್ಷೆ ಮಾಡಿದೆವು. ಮನೆಯ ಅರ್ಧಕ್ಕೆ ಕತ್ತಲೆ ಕವಿಯಿತು. ಅಲ್ಲಿಯ ವಿದ್ಯುತ್ತು ನಮ್ಮದರ ಅರ್ಧದಷ್ಟು, 120 ವೋಲ್ಟಿನದು. ಅದೇ ಶಾಖಕ್ಕೆ ಎರಡರಷ್ಟು ಪ್ರವಾಹ ಬೇಕಾಗುವುದರಿಂದ ಒಂದು ಸಾಲು ತಾಳಲಾರದು ಎಂದು ಹುಡುಗನ ಸ್ನೇಹಿತನೊಬ್ಬ ನನಗೆ ವಿವರಿಸಿದ. ಅವನೇ ಕಾಗದದ ಮೇಲೆ ಸಭಾಂಗಣದ ನಕ್ಷೆ ಬರೆದು, ಯಾವ ಕುಕ್ಕರು ಯಾವ ಮೂಲೆಗೆ ಎಂದು ಗುರುತು ಮಾಡಿದ. ಬಾಳೆಲೆ ಅಲ್ಲಿ ಹಿಮಗಟ್ಟಿಸಿದ ಕಟ್ಟುಗಳಲ್ಲಿ ದೊರೆಯುತ್ತದೆ. ಕರಗಿದ ಮೇಲೆ ಬಿಚ್ಚಿದರೆ ನಾರಿನ ಉದ್ದಕ್ಕೂ ಸೀಳುತ್ತದೆ. ಆದ್ದರಿಂದ ದುಂಡಗೆ ಕತ್ತರಿಸಿ ಕಾಗದದ ತಟ್ಟೆಗಳ ಮೇಲೆ ಹಾಸಿದೆವು. ಮಾವಿನೆಲೆಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ಬೀದಿಯುದ್ದಕ್ಕೂ ಮ್ಯಾಗ್ನೋಲಿಯಾ ಮರಗಳಿದ್ದವು. ದಪ್ಪನಾದ, ಹೊಳೆಯುವ ಎಲೆ. ನಮ್ಮ ಸಂಪಿಗೆಯ ಕುಲಕ್ಕೇ ಸೇರಿದ ಮರವದು. ತೋರಣಕ್ಕೆ ಅದಕ್ಕಿಂತ ಯೋಗ್ಯವಾದುದು ಬೇಡವೆನಿಸಿತು. ಇನ್ನು ಅಕ್ಟೋಬರ್ ಅಲ್ಲಿ ಕುಂಬಳಕಾಯಿಯ ಕಾಲ. ಅಲಂಕಾರಕ್ಕೆಂದು ಸ್ನೇಹಿತರು ಹದಿನೈದು ಕಾಯಿ ತಂದಿಟ್ಟಿದ್ದರು. ತಂಗಿ ಅವುಗಳಲ್ಲಿ ಆರನ್ನು ಹೆಚ್ಚಿ ಹುಳಿಗೆ ಹಾಕಿದಳು. ಅಲಂಕಾರವನ್ನೇ ಬೇಯಿಸಿಬಿಟ್ಟರಲ್ಲ ಎಂದು ಅವರು ಕಣ್ಣರಳಿಸಿದರು.

ಹೂವಿನ ಕೆಲಸ ಶುಕ್ರವಾರ ರಾತ್ರಿ. ಇನ್ನೊಬ್ಬ ಹುಡುಗನ ತಂದೆತಾಯಿಗಳು ಫ್ರೆಸ್ನೊ ಕಡೆಯವರು, ಸುಮಾರು 150 ಮೈಲಿ ದೂರದಿಂದ ಕಾರಿನಲ್ಲಿ ಬಂದಿಳಿದಿದ್ದರು. ಆಕೆ ಕೌದಿ ಹೊಲಿಯುವುದರಲ್ಲಿ ನುರಿತವರು. ಚೆಂಡುಹೂವಿನ ರಾಶಿಯ ಮುಂದೆ ತಂಗಿಯೂ ಆಕೆಯೂ ನೆಲದ ಮೇಲೆ ಎದುರುಬದುರು ಕುಳಿತರು. ಆಕೆ ಸೂಜಿಯಿಂದ ಪೋಣಿಸುವುದು. ನನ್ನ ತಂಗಿ ಸೂಜಿಯಿಲ್ಲದೆ ಬೆರಳಿನಲ್ಲಿಯೇ ಗಂಟು ಹಾಕಿ ಕಟ್ಟುವುದು. ಒಬ್ಬರ ಕೈಯನ್ನು ಇನ್ನೊಬ್ಬರು ನೋಡುತ್ತ ಬಹಳ ಹೊತ್ತು ಮಾತಿಲ್ಲದೆ ಕೆಲಸ ಸಾಗಿತು. ತಂಗಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ದುಭಾಷಿ ನಾನು.

"ಹುಡುಗನ ತಂದೆ ಬರಲಿಲ್ಲವೆ?" ಎಂದು ಆಕೆ ಕೇಳಿದರು.

"ಅವರಿಗೆ ಮಂಡಿನೋವು" ಎಂದಳು ತಂಗಿ. ನಾನು ಅನುವಾದಿಸಿದೆ.

ಆಕೆ ದಾರವನ್ನು ಹಲ್ಲಿನಿಂದ ಕಡಿದು, "ನನ್ನ ಅಣ್ಣನಿಗೂ ಹೋದ ವಾರದವರೆಗೆ ಮಂಡಿನೋವಿತ್ತು" ಎಂದರು.

ಇದನ್ನು ನಾನು ಅನುವಾದಿಸುವ ಮೊದಲೇ ತಂಗಿಗೆ ಅರ್ಥವಾಯಿತು. ಇಬ್ಬರೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ನಾವು ಆಕೆಯನ್ನು ಬೀಗಿತ್ತಿ ಎಂದು ಕರೆಯತೊಡಗಿದ್ದು ಆ ರಾತ್ರಿಯಿಂದ. ಪದವನ್ನು ಆಕೆಗೂ ಕಲಿಸಿದೆವು.

ಅಣ್ಣ ಮರುದಿನ ಬೆಳಿಗ್ಗೆ ಬಂದರು. ಬಾದಾಮಿ ತೋಟದ ರೈತ, ಎತ್ತರದ ಆಳು. ಲಾರಿಯಂಥ ದೊಡ್ಡ ಗಾಡಿಯ ತುಂಬ ಮಡಿಸುವ ಮೇಜು, ಕುರ್ಚಿ. ಊರಿನ ತಮ್ಮ ಚರ್ಚಿನಿಂದ ಎರವಲು ತಂದದ್ದು. ಯಾವ ಸಮಾರಂಭಕ್ಕೆ ಎಂದು ಅಲ್ಲಿ ಹೇಳಿದಿರಿ ಎಂದು ನಾನು ಕೇಳಿದೆ. ಕುಟುಂಬದ ಸಮಾರಂಭವೆಂದು ಹೇಳಿದೆ ಎಂದರು. ಆಮೇಲೆ ಎಂಟನೆಯ ಪ್ರಸ್ತಾವದ ಪರವಾದ ಫಲಕ ತಮ್ಮ ಮನೆಯ ಮುಂದೆ ಇದೆಯೆಂದೂ, ತಾವು ಅದರ ಪರವಾಗಿಯೇ ಮತ ಹಾಕುವರೆಂದೂ, ತಂಗಿಗೆ ಅದನ್ನು ಹೇಳಿಯೇ ಇದ್ದೇನೆಂದೂ ಸಂಕೋಚವಿಲ್ಲದೆ ತಿಳಿಸಿದರು. "ಆದರೆ ಮೇಜುಗಳು ಭಾರ. ಅವನು ನನ್ನ ತಂಗಿಯ ಮಗ" ಎಂದರು. ನನಗೆ ಸಿಟ್ಟು ಬಂದಿತು. ಒಂದು ಕೈಯಿಂದ ಮೇಜು ಹಾಕಿ ಇನ್ನೊಂದು ಕೈಯಿಂದ ಅದನ್ನು ಮಡಚುವ ಈ ಮನುಷ್ಯನಿಗೆ ಏನಾದರೂ ಹೇಳಬೇಕೆನಿಸಿತು. ಆದರೆ ಊರಲ್ಲಿ ಗೃಹಪ್ರವೇಶವೆಂದು ಹೇಳಿ ಬಂದ ನಾನು ಏನೆಂದು ಹೇಳಲಿ? ಆತ ತನ್ನವರಿಗೆ ಕುಟುಂಬದ ಸಮಾರಂಭವೆಂದಾದರೂ ಹೇಳಿದ್ದ. ಸುಮ್ಮನೆ ಮೇಜಿನ ಇನ್ನೊಂದು ತುದಿ ಹಿಡಿದೆ. "ನೀವು ಎತ್ತಬೇಡಿ, ಬಟ್ಟೆ ಹಾಸಿ" ಎಂದರು. ಹಾಸಿದೆ.

ಆರತಕ್ಷತೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎಲ್ಲ ಆರತಕ್ಷತೆಗಳಂತೆಯೇ ಅದೂ ಗದ್ದಲದಿಂದ ಕೂಡಿತ್ತು, ತಡವಾಗಿಯೇ ಆರಂಭವಾಯಿತು. ಕರೆದ ಕನ್ನಡದ ಸಂಸಾರಗಳಲ್ಲಿ ಅರ್ಧ ಬಂದರು. ಬಂದವರು ಕೈಯೊಡ್ಡಿ ಬಡಿಸಿದರು. ಅಕ್ಷತೆ ಎಂದರೇನೆಂದು ನಾನು ನಾಲ್ಕು ಮಾತು ಹೇಳಿ ಮುಗಿಸುವಷ್ಟರಲ್ಲಿ ಮಕ್ಕಳು ಬಟ್ಟಲು ಖಾಲಿ ಮಾಡಿದ್ದರು. ತಂದೆತಾಯಿಗಳು ಸಾಲಾಗಿ ನಿಲ್ಲಬೇಕಾದ ಹೊತ್ತಿಗೆ ತಂಗಿ ನನ್ನ ಮುಂಗೈ ಹಿಡಿದುಕೊಂಡು ತನ್ನ ಪಕ್ಕದಲ್ಲಿಯೇ ನಿಲ್ಲಿಸಿಕೊಂಡಳು, ಕೊನೆಯ ಅತಿಥಿಯವರೆಗೂ ಬಿಡಲಿಲ್ಲ. ಶುಭಾಶಯದ ಭಾಷಣಗಳು ನಡೆಯುತ್ತಿದ್ದಾಗ ಬಾದಾಮಿ ತೋಟದವರು ಒಳಗಿರಲಿಲ್ಲ. ಹೊರಗೆ ಒಂದು ಮೇಜಿನ ಸಡಿಲ ಕಾಲನ್ನು ಬಿಗಿಮಾಡುತ್ತಿದ್ದರು. ಊಟಕ್ಕೆ ಬಂದರು. ಚಿತ್ರಾನ್ನವನ್ನು ಮೂರು ಸಲ ಹಾಕಿಸಿಕೊಂಡರು. ಕೊನೆಯ ಸರದಿಯವರಿಗೆ ಮಜ್ಜಿಗೆ ಸಾಲದೆ ಬರುವಂತಾದಾಗ ತಂಗಿ ಯಾರಿಗೂ ಕಾಣದಂತೆ ನೀರು ಬೆರೆಸಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಹಾಕಿ, ಸರಿದೂಗಿಸಿದಳು. ಹತ್ತು ಗಂಟೆಗೆ ಹತ್ತು ನಿಮಿಷವಿರುವಾಗ ಇಬ್ಬರು ಮದುಮಕ್ಕಳೂ ರೇಷ್ಮೆ ಅಂಗಿಯ ತೋಳು ಮಡಿಸಿ ನೆಲ ಒರೆಸುತ್ತಿದ್ದ ದೃಶ್ಯದ ಛಾಯಾಚಿತ್ರವೊಂದು ನನ್ನ ಬಳಿ ಇದೆ.

ನವೆಂಬರ್ 4ರ ರಾತ್ರಿ ನಾವಿನ್ನೂ ಅಲ್ಲಿಯೇ ಇದ್ದೆವು. ಒಬಾಮ ಗೆದ್ದರೆಂದು ಬೀದಿಯಲ್ಲಿ ಜನ ಕುಣಿಯುತ್ತಿದ್ದರು. ಹುಡುಗರಿಗೂ ಅದೇ ಬೇಕಾಗಿತ್ತು. ಆದರೆ ಅದೇ ಎಣಿಕೆಯಲ್ಲಿ ಎಂಟನೆಯ ಪ್ರಸ್ತಾವವೂ ಶೇಕಡ 52ರಷ್ಟು ಮತ ಪಡೆದು ಗೆದ್ದಿತು. ಆದ ಮದುವೆ ಉಳಿಯುವುದೋ ಅಳಿಯುವುದೋ ಎಂಬುದು ಮುಂದಿನ ಮೇ 26ರವರೆಗೆ ತಿಳಿಯಲಿಲ್ಲ. ಆ ದಿನ ನ್ಯಾಯಾಲಯವು ಪ್ರಸ್ತಾವವನ್ನು ಎತ್ತಿಹಿಡಿದೂ, ಅದಕ್ಕೆ ಮೊದಲು ಆಗಿದ್ದ ಸುಮಾರು 18,000 ಮದುವೆಗಳು ಊರ್ಜಿತವೆಂದು ಹೇಳಿತು. ಆ ಹದಿನೆಂಟು ಸಾವಿರದಲ್ಲಿ ನಮ್ಮದೊಂದು. ಆ ಬಳಿಕ 2013ರಲ್ಲಿ ಅಲ್ಲಿ ಮದುವೆಗಳು ಮತ್ತೆ ಆರಂಭವಾದುದು, 2015ರಲ್ಲಿ ಇಡೀ ಅಮೆರಿಕಕ್ಕೆ ಹಬ್ಬಿದುದು ನಿಮಗೆ ತಿಳಿದೇ ಇದೆ. ನಮ್ಮ ದೇಶದಲ್ಲಿ 377ನೆಯ ಕಲಮಿನ ಭಯ 2018ರ ಸೆಪ್ಟೆಂಬರ್ 6ರಂದು ಹೋಯಿತು. ಮದುವೆಯ ಮಾನ್ಯತೆ ಮಾತ್ರ, 2023ರ ಅಕ್ಟೋಬರ್ ತೀರ್ಪಿನಲ್ಲಿಯೂ ದೊರೆಯಲಿಲ್ಲ.

ಮೈಸೂರಿಗೆ ಹಿಂದಿರುಗುವ ವಿಮಾನದಲ್ಲಿ ತಂಗಿ ಪುಸ್ತಕವನ್ನು ತೆರೆದು, ಕೊನೆಯ ಮದುವೆಯ ಮುಂದಿನ ಪುಟದಲ್ಲಿ ಲೆಕ್ಕ ಬರೆದಳು. ಜನ 120. ಅಕ್ಕಿ ಇಷ್ಟು, ಬೇಳೆ ಇಷ್ಟು, ಕುಂಬಳಕಾಯಿ 6, ಮೊಸರು ಇಷ್ಟು. ಉಳಿದದ್ದು: ಅನ್ನ ಎರಡು ಕುಕ್ಕರು, ಹುಳಿ ಒಂದು ಪಾತ್ರೆ, ಮಜ್ಜಿಗೆ ಇಲ್ಲ. ಕ್ರಮಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟಳು. ಹಿಂದಿನ ಪುಟದಲ್ಲಿ 26 ಎಂದಿತ್ತು. ಮನೆಗೆ ಬಂದ ದಿನವೇ ಪುಸ್ತಕವನ್ನು ಬೀರುವಿನಲ್ಲಿ ಇದ್ದಲ್ಲಿಯೇ ಇಟ್ಟಳು. ರಾಯರು ಅದು ಇಲ್ಲದುದನ್ನು ಗಮನಿಸಿದ್ದರೋ ಇಲ್ಲವೋ, ಕೇಳಲಿಲ್ಲ. ಊಟ ಹೇಗಿತ್ತು ಎಂದೂ ಕೇಳಲಿಲ್ಲ.

ರಾಯರು 2019ರಲ್ಲಿ ತೀರಿಕೊಂಡರು. ಹುಡುಗರಿಬ್ಬರೂ ಬಂದಿದ್ದರು, ನಿಮ್ಮಲ್ಲಿ ಕೆಲವರು ಆ ಎರಡನೆಯವನನ್ನು "ಮಗನ ಸ್ನೇಹಿತ" ಎಂದು ಪರಿಚಯ ಮಾಡಿಕೊಂಡಿರಿ, ನಾನು ತಿದ್ದಲಿಲ್ಲ. ವೈಕುಂಠ ಸಮಾರಾಧನೆಗೆ ಎಷ್ಟು ಜನಕ್ಕೆ ಎಷ್ಟು ಅಕ್ಕಿ ಎಂಬ ಪ್ರಶ್ನೆ ಬಂದಾಗ ಉತ್ತರ ಹೇಳುವವರೇ ಇರಲಿಲ್ಲ. ತಂಗಿ ಎದ್ದುಹೋಗಿ ಪುಸ್ತಕ ತಂದಳು. ಕೊನೆಯಿಂದ ಪುಟ ತಿರುವುತ್ತ ಬಂದೆವು. 2010ರಲ್ಲಿ ನಡೆದ ನನ್ನ ತಮ್ಮನ ಮಗಳ ಮದುವೆಯ ಪುಟದ ತಲೆಯಲ್ಲಿ 28 ಎಂದಿತ್ತು. ಅದರ ಹಿಂದಿನ ಪುಟ ತಂಗಿಯ ಕೈಬರಹದ್ದು. ಮೇಲೆ, ಅವಳು ಖಾಲಿ ಬಿಟ್ಟಿದ್ದ ಜಾಗದಲ್ಲಿ, ಕೆಂಪು ಶಾಯಿಯಲ್ಲಿ 27. ಕೊನೆಯ ಕಲಮಿನ ಪಕ್ಕದಲ್ಲಿ, ಅದೇ ಶಾಯಿಯಲ್ಲಿ, ಬ್ಯಾಂಕಿನ ಅಚ್ಚುಕಟ್ಟಾದ ಅಕ್ಷರ: "ಮಜ್ಜಿಗೆ ಸಾಲದು. ಇನ್ನೂ 4 ಲೀಟರ್ ಬೇಕಿತ್ತು."